16 ಹಲ್ಲು, 20 ಹಲ್ಲು, ಕೊನೆಗೆ 18

ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರೆ. ಅಪ್ಪ ಕೊಟ್ಟ ಗೇರ್ ಇಲ್ಲದ ಸೈಕಲ್‌ನ ಹಲ್ಲನ್ನು ನಾನು ಎಣಿಸಿದೆ, ಅದೂ ಮೂರು ಸಲ. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿಕೊಂಡು, ಬೆರಳಿಗೆಲ್ಲ ಕಪ್ಪು ಗ್ರೀಸ್ ಮೆತ್ತಿಕೊಂಡು. ಪೆಡಲ್ ಪಕ್ಕದ ದೊಡ್ಡ ಹಲ್ಲುಚಕ್ರ, ಅಂದರೆ ಚೈನ್‌ವೀಲ್‌ನಲ್ಲಿ 44. ಹಿಂದಿನ ಚಕ್ರದ ಸಣ್ಣ ಹಲ್ಲುಚಕ್ರ, ಅಂದರೆ ಫ್ರೀವೀಲ್‌ನಲ್ಲಿ ಎಷ್ಟಿರಬೇಕು ಅನ್ನೋದು ಗೊತ್ತಾಗೋಕೆ ನನಗೆ ಹೆಚ್ಚೂಕಡಿಮೆ ಒಂದು ವರ್ಷ ಹಿಡಿಯಿತು.

ಮೊದಲು ನನ್ನ ಹತ್ತಿರ 21 ಗೇರ್‌ನ ಸೈಕಲ್ ಇತ್ತು. ಜಯಲಕ್ಷ್ಮೀಪುರಂನಿಂದ ಕೆ.ಆರ್. ಸರ್ಕಲ್ ಹತ್ತಿರದ ಕೆಲಸಕ್ಕೆ ದಿನಾ ಓಡಾಟ, ಒಂದು ಕಡೆಗೆ ನಾಲ್ಕು ಕಿಲೋಮೀಟರ್ ಆಸುಪಾಸು. 21ರಲ್ಲಿ ನಾನು ಬಳಸುತ್ತಿದ್ದದ್ದು ಮೂರೇ ಮೂರು. ಉಳಿದ 18 ಗೇರ್‌ಗಳನ್ನು ಸುಮ್ನೆ ಹೊತ್ತುಕೊಂಡು ತಿರುಗುತ್ತಿದ್ದೆ ಅಷ್ಟೆ. ಒಂದು ದಿನ ಸ್ಟ್ಯಾಂಡ್‌ನಲ್ಲಿ ಯಾರೋ ಪಕ್ಕದ ಬೈಕ್ ತೆಗೆಯುವಾಗ ಇದನ್ನು ಬಲಮಗ್ಗುಲಿಗೆ ಬೀಳಿಸಿದ್ದಾರೆ, ಗೇರ್ ತೂಗುಹಾಕಿರುವ ಆ ಸಣ್ಣ ಕೊಂಡಿ ಒಳಕ್ಕೆ ಬಾಗಿದೆ, ನನಗೆ ಗೊತ್ತಿಲ್ಲ. ಸಂಜೆ ಏರಿನಲ್ಲಿ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದ ತಕ್ಷಣ ಅದು ಹೋಗಿ ಕಡ್ಡಿಗೆ ಸಿಕ್ಕಿಕೊಂಡಿತು. ರಿಪೇರಿಗೆ ಕೊಟ್ಟ ಅಂಗಡಿಯವರು ಒಳ್ಳೇ ದುಡ್ಡೇ ತೆಗೆದುಕೊಂಡರು. ವಾರಕ್ಕೆ ಮತ್ತೆ ಕಟಕಟ ಶುರು. ಆಗ ಟ್ರಿಣ್ ಟ್ರಿಣ್ ಸೈಕಲ್ ನೆನಪಾಯಿತು. 2017ರಲ್ಲಿ ಮೈಸೂರಿನಲ್ಲಿ ಬಾಡಿಗೆ ಸೈಕಲ್ ಶುರುವಾದಾಗ ನಾನೂ ಕಾರ್ಡ್ ಮಾಡಿಸಿದ್ದೆ, ಅದರಲ್ಲಿ ಬಹುತೇಕ ಸೈಕಲ್‌ಗಳಿಗೆ ಗೇರೇ ಇರಲಿಲ್ಲ. ಅದನ್ನು ತುಳಿದುಕೊಂಡು ಊರೆಲ್ಲ ಸುತ್ತಿದ್ದೆ, ಯಾವತ್ತೂ ಗೇರ್ ಬೇಕು ಅನ್ನಿಸಿರಲಿಲ್ಲ.

ಅಪ್ಪನ ಸೈಕಲ್ ಮಂಡ್ಯದ ಮನೆಯ ಹಿತ್ತಲಲ್ಲಿ, ತೆಂಗಿನ ಗರಿಗಳ ಹಿಂದೆ ಗೋಡೆಗೆ ಒರಗಿಕೊಂಡಿತ್ತು. ಬಿಎಸ್‌ಎ ಎಸ್‌ಎಲ್‌ಆರ್, 90ರ ದಶಕದ್ದು. ಸ್ಕೂಟರ್ ಬರುವ ತನಕ ಅಪ್ಪ ಅದರಲ್ಲೇ ಕೆಲಸಕ್ಕೆ ಹೋಗಿಬಂದವರು. ಟೈರ್ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿತ್ತು, ಸೀಟಿನೊಳಗೆ ಇರುವೆ ಗೂಡು. ಆದರೆ ಫ್ರೇಮ್‌ಗೆ ಎಲ್ಲೂ ತುಕ್ಕು ಒಳಗೆ ಇಳಿದಿರಲಿಲ್ಲ. ಚಿಕ್ಕಪ್ಪನ ಮಗ ಸಂತೆಪೇಟೆಗೆ ಬೆಲ್ಲ ತರುವ ಟೆಂಪೋದಲ್ಲಿ ಅದನ್ನು ಮೈಸೂರಿಗೆ ಹಾಕಿಕೊಂಡು ಬಂದ. ಎರಡು ದಿನ ಸೈಕಲ್ ಆಲೆಮನೆಯ ವಾಸನೆ ಹೊಡೆಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಹಳೇ ಸೈಕಲ್ ತರುವವರು ಬಣ್ಣ ನೋಡಬೇಡಿ, ಹಿಂದಿನ ಚಕ್ರದ ಆಕ್ಸಲ್ ಕೂರುವ ಸೀಳು ನೋಡಿ. ಅದು ಅಡ್ಡಕ್ಕೆ ಉದ್ದವಾಗಿದ್ದರೆ ಚಕ್ರವನ್ನು ಹಿಂದೆ ಮುಂದೆ ಜರುಗಿಸಿ ಚೈನ್ ಬಿಗಿ ಮಾಡಬಹುದು. ಈಗಿನ ಗೇರ್ ಸೈಕಲ್‌ಗಳಲ್ಲಿ ಸೀಳು ಕೆಳಮುಖವಾಗಿರುತ್ತದೆ, ಚಕ್ರ ಒಂದೇ ಜಾಗದಲ್ಲಿ ಕೂರುತ್ತದೆ, ಚೈನ್ ಸಡಿಲವಾದರೆ ಎಳೆಯುವುದಕ್ಕೆ ಬೇರೆ ಸ್ಪ್ರಿಂಗ್ ಗಾಲಿ ಹಾಕಬೇಕು. ನನ್ನ ಗೆಳೆಯನೊಬ್ಬ ತನ್ನ ಎಂಟಿಬಿಯ (ಮೌಂಟೇನ್ ಬೈಕ್) ಗೇರ್ ಎಲ್ಲ ಕಿತ್ತು ಹಾಗೇ ಮಾಡಿದ. ಗೇರ್ ತೆಗೆದು ಗೇರಿನಂಥದ್ದೇ ಇನ್ನೊಂದು ತೂಗುಹಾಕಿದ ಹಾಗಾಯಿತು, ಅಷ್ಟಕ್ಕೆ ಯಾಕಪ್ಪಾ ಕಷ್ಟ?

ಬಿಚ್ಚುವ ಕೆಲಸ ನಾನೇ ಮಾಡುತ್ತೇನೆ ಅಂತ ಭಾನುವಾರ ಬೆಳಿಗ್ಗೆ ಕೂತೆ. ಎಡ ಪೆಡಲ್‌ನ ಮರೆ (ಥ್ರೆಡ್) ಉಲ್ಟಾ ಅನ್ನೋದು ಗೊತ್ತಿತ್ತು, ಬಿಚ್ಚಿದೆ. ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್‌ನಲ್ಲಿ ಸಿಕ್ಕಿಬಿದ್ದೆ. ಹಳೇ ಸೈಕಲ್‌ಗಳಲ್ಲಿ ಕ್ರ್ಯಾಂಕ್ ಆಕ್ಸಲ್‌ಗೆ ಕೂರುವುದು ಕಾಟರ್ ಪಿನ್ ಮೇಲೆ, ಒಂದು ಬದಿ ಚಪ್ಪಟೆ ಮಾಡಿದ ಕಿರುಬೆರಳಿನಷ್ಟು ಕಬ್ಬಿಣ. ಸುತ್ತಿಗೆಯಲ್ಲಿ ಬಡಿದೆ, ಪಿನ್‌ನ ತಲೆ ಅಣಬೆಯ ಹಾಗೆ ಅಗಲವಾಯಿತೇ ಹೊರತು ಒಂದು ಕೂದಲೆಳೆಯೂ ಅಲ್ಲಾಡಲಿಲ್ಲ. ಕೊನೆಗೆ ಮಂಡಿ ಮೊಹಲ್ಲಾದ ಒಂದು ಸಣ್ಣ ಅಂಗಡಿಗೆ ತಳ್ಳಿಕೊಂಡು ಹೋದೆ. ಅಲ್ಲಿದ್ದ ಅಜ್ಜ ನೋಡಿದ ಕೂಡಲೇ, "ಕೆಳಗೆ ಏನ್ ಕೊಟ್ಟು ಬಡಿದ್ರಿ ಸಾ?" ಅಂದರು. ಏನೂ ಕೊಟ್ಟಿರಲಿಲ್ಲ. ಅವರು ಒಂದು ಕಬ್ಬಿಣದ ಪೈಪ್ ತುಂಡನ್ನು ಕ್ರ್ಯಾಂಕ್‌ನ ಕೆಳಗೆ ನೆಟ್ಟಗೆ ನಿಲ್ಲಿಸಿ, ಅದರ ಬಾಯಿ ಸರಿಯಾಗಿ ಪಿನ್‌ನ ಕೆಳಗೆ ಬರೋ ಹಾಗೆ ಇಟ್ಟು, ಒಂದೇ ಏಟು ಹಾಕಿದರು. ಪಿನ್ ಪೈಪ್‌ನೊಳಗೆ ಟಣ್ ಅಂತ ಬಿತ್ತು. ಆಧಾರ ಇಲ್ಲದೆ ಬಡಿದರೆ ಏಟೆಲ್ಲ ಒಳಗಿನ ಬೇರಿಂಗ್ ಬಾಲ್ಸ್ ಮೇಲೆ, ಅವು ಕೂರುವ ಕಪ್ ಮೇಲೆ ಹೋಗುತ್ತೆ, ಪಿನ್‌ಗೆ ತಾಗೋದೇ ಇಲ್ಲ ಅಂದರು. ನನ್ನ ಹತ್ತು ಏಟಿನ ಫಲ ಕಪ್‌ನಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣುತ್ತಿತ್ತು, ಅದನ್ನೂ ಬದಲಾಯಿಸಬೇಕಾಯಿತು.

ಇನ್ನು ಚಕ್ರ. ಹಳೇ ರಿಮ್ ಕ್ರೋಮ್ ಹಾಕಿದ ಕಬ್ಬಿಣದ್ದು. ನೋಡೋಕೆ ಚೆಂದ, ಆದರೆ ನೆನೆದರೆ ಬ್ರೇಕ್ ರಬ್ಬರ್ ಅದರ ಮೇಲೆ ಸುಮ್ನೆ ಜಾರುತ್ತದೆ. ಮೈಸೂರಲ್ಲಿ ಮೇ ತಿಂಗಳ ಸಂಜೆ ಮಳೆ ಹೇಗೆ ಬರುತ್ತೆ ಅಂತ ನಿಮಗೆ ಗೊತ್ತಲ್ವಾ. ಅದಕ್ಕೇ ಅಲಾಯ್ ರಿಮ್ ಹಾಕಿಸೋಣ ಅಂತ ಹೊರಟೆ, ಅಲ್ಲಿ ಎರಡು ತಪ್ಪು ಮಾಡಿದೆ. ಒಂದು, '26' ಅಂತ ಬರೆದಿರುವುದೆಲ್ಲ ಒಂದೇ ಅಂದುಕೊಂಡೆ. ಅಲ್ಲ. 26 ಇಂಟು 1.75 ಅಂದರೆ ಎಂಟಿಬಿ ರಿಮ್, ಟೈರ್ ಕೂರುವ ಜಾಗದ ಅಳತೆ 559 ಮಿಲಿಮೀಟರ್. 26 ಇಂಟು 1 3/8 ಅಂದರೆ 590. ಬರೆದ ರೀತಿಯಲ್ಲೇ ವ್ಯತ್ಯಾಸ, ದಶಮಾಂಶ ಇದ್ದರೆ ಒಂದು, ಭಿನ್ನರಾಶಿ ಇದ್ದರೆ ಇನ್ನೊಂದು. ಸಣ್ಣದನ್ನು ಹಾಕಿದರೆ ಬ್ರೇಕ್ ರಬ್ಬರ್ ರಿಮ್‌ಗೆ ಎಟಕುವುದೇ ಇಲ್ಲ, ಸುಮಾರು 15 ಮಿಲಿಮೀಟರ್ ಮೇಲೇ ಉಳಿದು ಟೈರ್‌ಗೆ ಉಜ್ಜುತ್ತದೆ. ಆ ರಿಮ್ ವಾಪಸ್ ಕೊಟ್ಟು ಸರಿಯಾದ ಸೈಜಿಂದು ತರಿಸಿದೆ. ಎರಡನೇ ತಪ್ಪು ಆಮೇಲೆ ಗೊತ್ತಾಯಿತು. ನಮ್ಮ ಹಳೇ ಸೈಕಲ್‌ಗಳಲ್ಲಿ ಮುಂದೆ 32 ಕಡ್ಡಿ, ಹಿಂದೆ 40. ತಂದಿದ್ದ ರಿಮ್‌ಗಳೆರಡರಲ್ಲೂ 36 ತೂತು. ಅಜ್ಜ ರಿಮ್ ಕೈಗೆ ತೆಗೆದುಕೊಂಡು ಎಣಿಸಿ ನಕ್ಕರು, ಏನೂ ಹೇಳಲಿಲ್ಲ. ಕಡ್ಡಿಗಳು ಸೇರುವ ನಡುವಿನ ಹಬ್ ಕೂಡ ಎರಡು ಹೊಸದು ಬಂತು.

ಕಡ್ಡಿ ಕತ್ತರಿಸುವ ಮೊದಲು ಫ್ರೀವೀಲ್ ಬಿಚ್ಚಿಕೊಳ್ಳಿ, ಇದು ನನಗೆ ಅಜ್ಜ ಹೇಳಿದ್ದು. ತುಳಿದಷ್ಟೂ ಅದು ಬಿಗಿಯಾಗುತ್ತಾ ಹೋಗುತ್ತದೆ, ಇಪ್ಪತ್ತು ವರ್ಷ ತುಳಿದದ್ದು ಸ್ಪ್ಯಾನರ್‌ಗೆ ಬರುವುದಿಲ್ಲ. ಬಿಚ್ಚುವ ಬಿಲ್ಲೆಯನ್ನು ವೈಸ್‌ನಲ್ಲಿ ಕಚ್ಚಿಸಿ, ಚಕ್ರವನ್ನೇ ಬಸ್ಸಿನ ಸ್ಟೇರಿಂಗ್ ಹಾಗೆ ಹಿಡಿದು ತಿರುಗಿಸಬೇಕು. ಕಡ್ಡಿ ತೆಗೆದ ಮೇಲೆ ಹಿಡಿಯೋಕೆ ಏನಿರುತ್ತೆ?

ಈಗ ಹಲ್ಲಿನ ಕಥೆ. ಮೊದಲು 16 ಹಲ್ಲಿನ ಫ್ರೀವೀಲ್ ಹಾಕಿಸಿದೆ. ಯಾಕೆ ಅಂದರೆ ಜಂಬ, ಬೇರೆ ಕಾರಣ ಇಲ್ಲ. 44ನ್ನು 16ರಿಂದ ಭಾಗಿಸಿದರೆ 2.75, ಅಂದರೆ ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಎರಡೂ ಮುಕ್ಕಾಲು ಸುತ್ತು. ಈ ಚಕ್ರದ ಸುತ್ತಳತೆ ಎರಡು ಮೀಟರಿಗಿಂತ ಚೂರು ಜಾಸ್ತಿ, ಹಾಗಾಗಿ ಒಂದು ತುಳಿತಕ್ಕೆ ಸುಮಾರು 5.7 ಮೀಟರ್ ಮುಂದೆ. ಬೆಳಿಗ್ಗೆ ಕೆಲಸಕ್ಕೆ ಇಳಿಯುವಾಗ ಗಾಳಿ ಹಾಗೆ ಹೋಗುತ್ತಿದ್ದೆ. ಸಂಜೆ ಮಹಾರಾಜ ಕಾಲೇಜು ದಾಟಿ ಕ್ರಾಫರ್ಡ್ ಹಾಲ್ ಕಡೆ ಹುಣಸೂರು ರಸ್ತೆ ಏರಬೇಕಲ್ಲ, ಅಲ್ಲಿ ಬಂಡವಾಳ ಬಯಲು. ಬೆನ್ನ ಮೇಲೆ ಬ್ಯಾಗ್, ಹಿಂದೆ ಹಾರ್ನ್ ಹೊಡೆಯುವ ಸಿಟಿ ಬಸ್, ಸೀಟಿಂದ ಎದ್ದು ನಿಂತು ಒಂದೊಂದು ಪೆಡಲ್‌ಗೂ ಮೈಭಾರ ಹಾಕಿ ಒತ್ತುತ್ತಿದ್ದೆ. ಒಂದು ತಿಂಗಳಿಗೆ ಮೆಟ್ಟಿಲು ಇಳಿಯುವಾಗ ಬಲಮಂಡಿ ಹಿಡಿಯತೊಡಗಿತು.

ಅದೇ ದಿನಗಳಲ್ಲಿ ಬಿದ್ದೆ ಕೂಡ. ರಾಮಸ್ವಾಮಿ ಸರ್ಕಲ್‌ನಲ್ಲಿ ಹಸಿರು ಬಿತ್ತು, ನಿಂತು ಜೋರಾಗಿ ತುಳಿದೆ, ಚೈನ್ ಬಲಗಡೆ ಎಳೆದ ರಭಸಕ್ಕೆ ಆಕ್ಸಲ್ ಆ ಕಡೆ ಸೀಳಿನೊಳಗೆ ಮುಂದಕ್ಕೆ ಜಾರಿತು. ಚಕ್ರ ಓರೆಯಾಗಿ ಟೈರ್ ಎಡಗಡೆಯ ಫ್ರೇಮ್‌ಗೆ ಕಚ್ಚಿಕೊಂಡು ನಿಂತೇಬಿಟ್ಟಿತು, ಚೈನ್ ಕಳಚಿತು, ನಾನು ಹ್ಯಾಂಡಲ್ ಮೇಲೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ, ಹಿಂದಿದ್ದ ಆಟೋದವರು ಬೈದುಕೊಂಡೇ ಸೈಕಲ್ ಎತ್ತಿ ಬದಿಗಿಟ್ಟರು. ತಪ್ಪು ನನ್ನದೇ, ಚಕ್ರವನ್ನು ನಾನೇ ಹಾಕಿದ್ದೆ, ನಯವಾದ ವಾಷರ್ ಹಾಕಿ ಬಿಗಿ ಮಾಡಿದ್ದೆ. ಆಮೇಲೆ ಕಚ್ಚುಹಲ್ಲಿನ ವಾಷರ್ ತಂದೆ, ಬಲಗಡೆಗೆ ಚೈನ್ ಅಡ್ಜಸ್ಟರ್ ಸ್ಕ್ರೂ ಹಾಕಿಸಿದೆ.

ಮುಂದೆ 20 ಹಲ್ಲಿಗೆ ಹಾರಿದೆ. ಮಂಡಿಗೆ ಸುಖವೋ ಸುಖ. ಕ್ರಾಫರ್ಡ್ ಹಾಲ್ ಏರನ್ನು ಕೂತುಕೊಂಡೇ ಹತ್ತುತ್ತಿದ್ದೆ. ಆದರೆ ಒಂದು ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋದಾಗ ಸಾಕಾಯಿತು. ಎಕ್ಸ್‌ಪ್ರೆಸ್‌ವೇ ಮೇಲೆ ನಮ್ಮಂಥವರಿಗೆ 2023ರ ಆಗಸ್ಟ್‌ನಿಂದ ಪ್ರವೇಶ ಇಲ್ಲ, ಪಕ್ಕದ ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ನುಣ್ಣನೆ ಸಮತಟ್ಟು ರಸ್ತೆ ಸಿಕ್ಕ ಕಡೆ ಕಾಲು ಹೊಲಿಗೆ ಮಷಿನ್ ಹಾಗೆ ಆಡುತ್ತಿದೆ, ಸೈಕಲ್ ಮಾತ್ರ ಹೋಗುತ್ತಿಲ್ಲ. ನನ್ನ ಪಕ್ಕದಲ್ಲೇ ಹಾಲಿನ ಕ್ಯಾನ್ ಕಟ್ಟಿಕೊಂಡ ಒಬ್ಬರು ಆರಾಮಾಗಿ ಪೆಡಲ್ ಒತ್ತುತ್ತಾ ದಾಟಿಕೊಂಡು ಹೋದರು.

ಹೀಗೆ 18ಕ್ಕೆ ಬಂದೆ. 2.44, ಒಂದು ಸುತ್ತಿಗೆ ಐದು ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 18 ಕಿಲೋಮೀಟರ್, 80 ತುಳಿದರೆ 24. ಊರೊಳಗೆ ಇದಕ್ಕಿಂತ ಬೇಕಿಲ್ಲ, ಮುಂದಿನ ಸಿಗ್ನಲ್‌ನಲ್ಲಿ ಹೇಗಿದ್ದರೂ ಎಲ್ಲರೂ ಒಟ್ಟಿಗೇ ನಿಲ್ಲುತ್ತೇವೆ. ತಮಾಷೆ ಏನೆಂದರೆ ಅಪ್ಪನ ಸೈಕಲ್‌ನಿಂದ ಬಿಚ್ಚಿದ ಹಳೇ ಫ್ರೀವೀಲ್ ಡಬ್ಬದಲ್ಲಿ ಬಿದ್ದಿತ್ತು, ಯಾವತ್ತೋ ತೆಗೆದು ಎಣಿಸಿದೆ. ಅದೂ 18. ನಿಮ್ಮ ದಾರಿಗೆ ಎಷ್ಟು ಹಲ್ಲು ಅನ್ನೋದಕ್ಕೆ ಲೆಕ್ಕದ ಪುಸ್ತಕ ಬೇಡ. ದಿನಾ ಹೋಗುವ ದಾರಿಯಲ್ಲಿ ಅತಿ ಕಷ್ಟದ ಏರು ಯಾವುದೋ ಅದನ್ನು ಬ್ಯಾಗ್ ಹೊತ್ತು, ಸಂಜೆ ಹೊತ್ತು, ಸುಸ್ತಾಗಿರುವಾಗ, ಕೂತುಕೊಂಡು ಹತ್ತಲು ಆಗಬೇಕು. ಚಾಮುಂಡಿ ಬೆಟ್ಟವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ವರ್ಷಕ್ಕೆರಡು ಸಲ ಹತ್ತುವ ಬೆಟ್ಟಕ್ಕೋಸ್ಕರ ದಿನಾ ಹೊಲಿಗೆ ಮಷಿನ್ ತುಳಿಯೋಕಾಗುತ್ತಾ? ನಾನಂತೂ ಬೆಟ್ಟದಲ್ಲಿ ಕೊನೆಯ ತಿರುವುಗಳಲ್ಲಿ ಇಳಿದು ತಳ್ಳುತ್ತೇನೆ, ನಾಚಿಕೆ ಏನಿಲ್ಲ. ಫ್ರೀವೀಲ್ ಬದಲಾಯಿಸೋದು ಅಗ್ಗದ ಕೆಲಸ, ಎರಡು ಹಲ್ಲು ಹೆಚ್ಚು ಕಡಿಮೆ ಆದರೆ ಚಕ್ರ ಸೀಳಿನಲ್ಲಿ ಆರು ಮಿಲಿಮೀಟರ್ ಆಸುಪಾಸು ಜರುಗುತ್ತದೆ ಅಷ್ಟೆ, ಅದೇ ಚೈನ್ ನಡೆಯುತ್ತದೆ.

ಚೈನ್ ಎಷ್ಟು ಬಿಗಿ ಇರಬೇಕು ಅಂತ ಕೇಳುತ್ತಾರೆ. ಮಧ್ಯದಲ್ಲಿ ಬೆರಳಿಂದ ಒತ್ತಿದರೆ ಅರ್ಧ ಇಂಚು ಆಡಬೇಕು. ಆದರೆ ಒಂದೇ ಕಡೆ ನೋಡಿ ಬಿಡಬೇಡಿ. ಚೈನ್‌ವೀಲ್ ಯಾವುದೂ ಪೂರ್ತಿ ದುಂಡಗಿರುವುದಿಲ್ಲ, ಪೆಡಲ್ ನಿಧಾನಕ್ಕೆ ತಿರುಗಿಸಿದರೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಬಿಗಿ ಇರುವ ಜಾಗದಲ್ಲಿ ಅಳತೆ ನೋಡಿ. ಟೈರ್‌ನ ಎರಡೂ ಪಕ್ಕ ಫ್ರೇಮ್‌ಗೆ ಹೆಬ್ಬೆರಳು ತೂರಿಸಿ ಸಂದು ಒಂದೇ ಸಮ ಇದೆಯಾ ನೋಡಿಕೊಂಡು ಮೊದಲು ಬಲ ನಟ್, ಆಮೇಲೆ ಎಡ.

ಫ್ರೀವೀಲ್ ಇಲ್ಲದೆ, ಚಕ್ರ ತಿರುಗಿದರೆ ಪೆಡಲ್ಲೂ ತಿರುಗುವ ಫಿಕ್ಸೆಡ್ ಕಟ್ಟಿಸು ಅಂತ ಹುಡುಗರು ಹೇಳುತ್ತಾರೆ. ಒಬ್ಬರದನ್ನು ಓಡಿಸಿ ನೋಡಿದೆ. ನಮ್ಮ ಬಡಾವಣೆಯಲ್ಲಿ ಮೂರು ಮನೆಗೊಂದು ಹಂಪ್, ಹಂಪ್ ಮೇಲೆ ಪೆಡಲ್ ಕೆಳಗೆ ಬಂದರೆ ನೆಲಕ್ಕೆ ತಾಗುತ್ತೆ. ಎದುರಿಗೆ ದನ ಬಂದಾಗ ಕಾಲು ನಿಲ್ಲಿಸೋಣ ಅಂದರೆ ಸೈಕಲ್ ಒದೆಯುತ್ತೆ. ಟ್ರ್ಯಾಕ್ ಮೇಲೆ ಓಡಿಸುವವರಿಗೆ ಇರಲಿ. ನನಗೆ ಎರಡೂ ಬ್ರೇಕ್ ಬೇಕು. ನಿಲ್ಲಿಸುವ ಕೆಲಸ ಬಹುಪಾಲು ಮುಂದಿನದೇ ಮಾಡುತ್ತೆ, ಅದನ್ನು ಹಿಡಿಯೋಕೆ ಹೆದರುವವರು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿಕೊಳ್ಳಿ, ಮೈ ಹಿಂದಕ್ಕೆ ಹಾಕಿ.

ಖರ್ಚು ಬರೆದಿಟ್ಟಿದ್ದೇನೆ. ರಿಮ್, ಹಬ್, ಕಡ್ಡಿ, ಟೈರ್, ಚೈನ್, ಮೂರು ಫ್ರೀವೀಲ್, ನನ್ನ ತಪ್ಪುಗಳ ದಂಡ ಎಲ್ಲ ಸೇರಿ ಆರು ಸಾವಿರ ಚಿಲ್ಲರೆ. ತಪ್ಪು ಮಾಡದವರಿಗೆ ನಾಲ್ಕೂವರೆಯಲ್ಲಿ ಮುಗಿಯಬಹುದು. ಆಮೇಲಿಂದ ವಾರಕ್ಕೊಂದು ಸಲ ಗಾಳಿ, ತಿಂಗಳಿಗೊಂದು ಸಲ ಚೈನ್ ಒರೆಸಿ ಎಣ್ಣೆ. ಕಾಟರ್ ಪಿನ್ ಮಾತ್ರ ಹೊಸದು ಹಾಕಿದ ಒಂದು ವಾರಕ್ಕೆ ಟಕ್ ಅನ್ನತೊಡಗಿತು, ಸುತ್ತಿಗೊಂದು ಟಕ್. ಪೈಪ್ ಕೊಟ್ಟು ಇನ್ನೊಂದು ಏಟು ಹಾಕಿ ನಟ್ ಬಿಗಿ ಮಾಡಿದ ಮೇಲೆ ಸುಮ್ಮನಾಗಿದೆ. ಪೈಪ್ ತುಂಡು ಈಗ ನನ್ನ ಹತ್ತಿರವೂ ಒಂದಿದೆ.

ಹೋದ ತಿಂಗಳು ಅಪ್ಪ ಬಂದಿದ್ದರು. ಬೆಳಿಗ್ಗೆ ಕೇಳದೆ ಸೈಕಲ್ ತೆಗೆದುಕೊಂಡು ಕಾಳಿದಾಸ ರಸ್ತೆಗೆ ಹೋಗಿ ಹಾಲು ತಂದರು. ಚೆನ್ನಾಗಿದೆ, ಏನೂ ಬದಲಾಗಿಲ್ಲ ಅಂದರು. ಇಷ್ಟೆಲ್ಲ ಮಾಡಿದ್ದೀನಿ, ಏನೂ ಬದಲಾಗಿಲ್ಲವಂತೆ! ಆಮೇಲೆ ಹಿಂದೆ ಬಗ್ಗಿ ನೋಡಿ, "ಕ್ಯಾರಿಯರ್ ಯಾಕೋ ತೆಗೆದೆ? ಹಾಲು ಒಂದು ಕೈಲಿ ಹಿಡ್ಕೊಂಡು ಬಂದೆ" ಅಂದರು. ಹಗುರ ಆಗಲಿ ಅಂತ ತೆಗೆದದ್ದು, ಅಟ್ಟದ ಮೇಲಿದೆ. ಈ ಭಾನುವಾರ ಹಾಕಬೇಕು.