ಎರಡು ಸಾವಿರ ಕರಪತ್ರ: ಪ್ಲೇಟ್ ಮಾಡಿಸುವ ಮುಂಚೆ ನಾವು ನೋಡುವುದು

ಜಾನುವಾರು ಲಸಿಕೆ ಶಿಬಿರದಂಥ ಸುದ್ದಿ ಊರಿನ ಎಲ್ಲ ಮನೆಗೂ ಮುಟ್ಟಬೇಕಾದಾಗ ನಾವು ಈಗಲೂ ಕರಪತ್ರವನ್ನೇ ಅಚ್ಚು ಹಾಕಿಸುತ್ತೇವೆ. ಫೋನಿಗೆ ಬಂದ ಸಂದೇಶ ಸಂಜೆಯೊಳಗೆ ಮೇಲೆ ಸರಿದು ಹೋಗಿರುತ್ತದೆ. ಹಾಲಿನ ಡೇರಿಯ ಗೋಡೆಗೆ ಅಂಟಿಸಿದ ಹಾಳೆ ಶಿಬಿರ ಮುಗಿಯುವ ತನಕ ಅಲ್ಲೇ ಇರುತ್ತದೆ. ಓದು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಾರೆ. ತಾರೀಖು ತಪ್ಪಾಗಿ ಅಚ್ಚಾದರೆ ಅದೂ ಅಷ್ಟೇ ಗಟ್ಟಿಯಾಗಿ ಗೋಡೆಯ ಮೇಲೆ ಕೂರುತ್ತದೆ. ಆದ್ದರಿಂದ ನಮ್ಮ ಮುಕ್ಕಾಲು ಶ್ರಮವೆಲ್ಲ ಪ್ಲೇಟಿಗೆ, ಅಂದರೆ ಪುಟವನ್ನು ಮೂಡಿಸಿ ಮೆಷಿನ್ನಿಗೆ ಕೂರಿಸುವ ತಗಡಿಗೆ, ಮುಂಚೆಯೇ.

ಅಳತೆ 1/8 ಡೆಮಿ, ಅಂದರೆ ಡೆಮಿ ಅಳತೆಯ ಹಾಳೆಯ ಎಂಟನೇ ಒಂದು ಭಾಗ, ಅಂಚು ಕತ್ತರಿಸಿದ ಮೇಲೆ ಸುಮಾರು 5.5 x 8.5 ಇಂಚು. 23 x 36 ಇಂಚಿನ ಒಂದು ಡಬಲ್ ಡೆಮಿ ಹಾಳೆಯಲ್ಲಿ 16 ಕರಪತ್ರ ಬರುತ್ತವೆ. 2000ಕ್ಕೆ 125 ಹಾಳೆ ಸಾಕು, ಆದರೂ ಮೆಷಿನ್ ಹದಕ್ಕೆ ಬರುವಷ್ಟರಲ್ಲಿ ಹಾಳಾಗುವುದನ್ನು ಸೇರಿಸಿ 140 ತೆಗೆದುಕೊಳ್ಳುತ್ತೇವೆ. 70 ಜಿಎಸ್ಎಂ (ಚದರ ಮೀಟರಿಗೆ 70 ಗ್ರಾಂ) ಮ್ಯಾಪ್ಲಿಥೊ ಕಾಗದ ಆದರೆ ಇಷ್ಟೂ ಸೇರಿ ಐದು ಕೆಜಿ ಚಿಲ್ಲರೆ ತೂಗುತ್ತದೆ. ಅಚ್ಚು ಒಂದೇ ಬದಿ. ಗೋಡೆಗೆ ಅಂಟಿಸಿದ ಹಾಳೆಯ ಬೆನ್ನನ್ನು ಯಾರೂ ಓದಲಾರರು.

ಕರಪತ್ರದ ಬರಹ ಫೋನಿನಲ್ಲಿ ಯೂನಿಕೋಡಿನಲ್ಲಿ ಬರುತ್ತದೆ, ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಡಿಟಿಪಿಯವರು ಅದನ್ನು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿಗೆ ಬದಲಿಸಿಕೊಳ್ಳುತ್ತಾರೆ. ಆ ಬದಲಾವಣೆಯಲ್ಲೇ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ, ಒತ್ತು ಕಳಚುತ್ತದೆ. ‘ವರ್ಷ’, ‘ಕಾರ್ಯಕ್ರಮ’, ‘ರಾಷ್ಟ್ರೀಯ’ ಈ ಮೂರನ್ನು ಮೊದಲು ಹುಡುಕಿ ನೋಡಿ. ಇವು ಸರಿ ಇದ್ದರೆ ಉಳಿದದ್ದು ಬಹುಮಟ್ಟಿಗೆ ಸರಿ ಇರುತ್ತದೆ. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿಸಬೇಕು: 14 ಪಾಯಿಂಟ್ ಅಕ್ಷರಕ್ಕೆ 20 ಪಾಯಿಂಟ್. ಇಂಗ್ಲಿಷಿನ ಲೆಕ್ಕದಲ್ಲಿ 16ಕ್ಕೆ ಇಳಿಸಿದರೆ ‘ಷ್ಟ್ರೀ’ಯ ಕೆಳಗಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಗಲುತ್ತದೆ.

ಇನ್ನೊಂದು ಸೂಕ್ಷ್ಮ, ಕನ್ನಡ ಲಿಪಿಯದು. ದ–ಧ, ಡ–ಢ, ಪ–ಫ ಇವುಗಳ ವ್ಯತ್ಯಾಸವೆಲ್ಲ ಅಕ್ಷರದ ಬುಡದ ಒಂದು ಸೀಳಿನಲ್ಲಿದೆ. ಚಿಕ್ಕ ಅಕ್ಷರಕ್ಕೆ ಬೋಲ್ಡ್ ಕೊಟ್ಟರೆ, ಶಾಯಿ ಹೆಚ್ಚಾದರೆ, ಆ ಸೀಳು ತುಂಬಿ ‘ಸಹಾಯಧನ’ ‘ಸಹಾಯದನ’ ಆಗಿಬಿಡುತ್ತದೆ. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಹಾಕಿದರೆ ಶಾಯಿ ಹರಡಿ ಅಕ್ಷರದ ಸಣ್ಣ ಗೆರೆಗಳೇ ಮುಚ್ಚಿಹೋಗುತ್ತವೆ. ಅಂಥ ಕಡೆ 18 ಪಾಯಿಂಟಿಗಿಂತ ಚಿಕ್ಕದನ್ನು ನಾವು ಒಪ್ಪುವುದಿಲ್ಲ.

ಪ್ರೂಫ್, ಅಂದರೆ ತಿದ್ದಲು ಕೊಡುವ ಕರಡು ಪ್ರತಿ, ನೋಡಲು ಇಬ್ಬರು ಬೇಕು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಮೇಲೆ ಬೆರಳಿಟ್ಟು ಹೋಗಬೇಕು. ಬರೆದವರೇ ಒಬ್ಬರೇ ಕೂತು ನೋಡಿದರೆ ಕಣ್ಣು ತಾನೇ ತಿದ್ದಿಕೊಂಡು ಮುಂದೆ ಹೋಗುತ್ತದೆ. ತಾರೀಖಿನ ಜೊತೆ ವಾರ ಇರಲೇಬೇಕು, ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. ಫೋನ್ ನಂಬರನ್ನು ಓದಿ ಬಿಟ್ಟರೆ ಸಾಲದು, ಪ್ರೂಫ್ ನೋಡಿಕೊಂಡೇ ಡಯಲ್ ಮಾಡಿ. ಡಬಲ್ ಡೆಮಿ ಹಾಳೆಯನ್ನು ಅರ್ಧ ಮಾಡಿ ಹಾಕುವ ಡೆಮಿ ಮೆಷಿನ್ನಿನ ಪ್ಲೇಟಿನ ಮೇಲೆ ಇದೇ ಪುಟ ಎಂಟು ಸಲ ಕೂರುತ್ತದೆ, ತಪ್ಪೂ ಎಂಟು ಸಲ.

ಮೆಷಿನ್ ಓಡುವಾಗ ನಮ್ಮಲ್ಲಿ ಒಬ್ಬರು ಅಲ್ಲಿರುತ್ತೇವೆ. ಎಣ್ಣೆ ಶಾಯಿಗೂ ನೀರಿಗೂ ಆಗಿಬರದ ಗುಣವೇ ಪ್ಲೇಟಿನಿಂದ ಅಚ್ಚು ಹಾಕುವ ಈ ಆಫ್‌ಸೆಟ್ ಮುದ್ರಣದ ಮೂಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದ ಕಲ್ಲಚ್ಚಿನದೂ ಇದೇ ಗುಣ. ಪ್ಲೇಟಿಗೆ ಸವರುವ ನೀರು ಕಡಿಮೆಯಾದರೆ ಖಾಲಿ ಜಾಗವೆಲ್ಲ ಮಸುಕು ಮಸುಕಾಗುತ್ತದೆ, ಹೆಚ್ಚಾದರೆ ಅಕ್ಷರ ಬೂದಿ ಬಣ್ಣಕ್ಕೆ ತಿರುಗುತ್ತದೆ. ಐವತ್ತಕ್ಕೊಂದು ಹಾಳೆ ಎಳೆದು ‘ಧ’ದ ಸೀಳು ತೆರೆದಿದೆಯೇ ನೋಡುತ್ತೇವೆ. ಅಚ್ಚಾದ ತಕ್ಷಣ ಎತ್ತರಕ್ಕೆ ಪೇರಿಸಿ ಕಟಿಂಗಿಗೆ ಒಯ್ದರೆ ಒಂದರ ಶಾಯಿ ಮೇಲಿನದರ ಬೆನ್ನಿಗೆ ಹತ್ತುತ್ತದೆ. ರಾತ್ರಿ ಒಣಗಲು ಬಿಟ್ಟು ಬೆಳಿಗ್ಗೆ ಕತ್ತರಿಸಿ.

ಮುದ್ರಕರ ಹೆಸರಿನ ಸಾಲನ್ನು ಜಾಗ ಸಾಲದೆಂದು ಕಿತ್ತುಹಾಕಬೇಡಿ. ಚುನಾವಣೆಯ ಕರಪತ್ರವಾದರಂತೂ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನ ಪ್ರಕಾರ ಮುದ್ರಕರು, ಪ್ರಕಾಶಕರು ಇಬ್ಬರ ಹೆಸರು ವಿಳಾಸವೂ ಕಡ್ಡಾಯ. ಹಂಚುವವರಿಗೆ ಐವತ್ತೈವತ್ತರ ಕಟ್ಟು ಮಾಡಿ ಕೊಡಿ. ಯಾವ ಕೇರಿಗೆ ಎಷ್ಟು ಹೋಯಿತು ಎಂಬುದು ಕಟ್ಟು ಎಣಿಸಿದರೆ ಗೊತ್ತಾಗುತ್ತದೆ.