‘ಸಹವಾಸ ದೋಷ’ ಎಂದು ಬರೆಯುವ ಮೊದಲು

ಅಪರಾಧದ ಆಪಾದನೆ ಹೊತ್ತ, 18 ತುಂಬದ ಮಕ್ಕಳ ವಿಚಾರಣೆ ನಡೆಸುವ ಬಾಲ ನ್ಯಾಯ ಮಂಡಳಿಗೆ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಅಧಿಕಾರಿ) ಸಲ್ಲಿಸುವ ಸಾಮಾಜಿಕ ತನಿಖಾ ವರದಿ ನಮೂನೆ 6ರಲ್ಲಿ ಇರುತ್ತದೆ. ಅದರಲ್ಲಿ ಆಪಾದಿತ ಕೃತ್ಯಕ್ಕೆ ಕಾರಣವೇನು ಎಂದು ಕೇಳುವ ಕಾಲಂ ಒಂದಿದೆ. ಹೆಚ್ಚಿನ ವರದಿಗಳಲ್ಲಿ ಅಲ್ಲಿ ಕಾಣುವುದು ಒಂದೇ ಸಾಲು: ‘ಬಡತನ ಹಾಗೂ ಸಹವಾಸ ದೋಷ’. ಅದೇ ಬೀದಿಯಲ್ಲಿ, ಅಷ್ಟೇ ಬಡತನದಲ್ಲಿ, ಪಕ್ಕದ ಮನೆಯ ಹುಡುಗ ಎಸ್ಸೆಸ್ಸೆಲ್ಸಿ ಬರೆಯುತ್ತಿರುತ್ತಾನೆ. ಹಾಗಾದರೆ ಈ ಸಾಲು ಏನನ್ನೂ ಹೇಳಲಿಲ್ಲ ಎಂದಾಯಿತು. ಮಂಡಳಿಗೆ ಬೇಕಾದದ್ದು ಬೇರೆ. ಈ ಮಗುವಿನ ದಿನದಲ್ಲಿ ಯಾವ ಹೊತ್ತು ಯಾರ ಕೈಯಲ್ಲೂ ಇರಲಿಲ್ಲ? ಆ ಹೊತ್ತನ್ನು ಯಾರು ತುಂಬಿದರು?

ಮಗುವನ್ನು ಮೊದಲ ಸಲ ಹಾಜರುಪಡಿಸಿದ ದಿನದಿಂದ ವರದಿಗೆ ಸಿಗುವುದು ಎರಡು ವಾರ. ಕೋಲಾರ ಜಿಲ್ಲೆಯಲ್ಲಿ ಈ ಎರಡು ವಾರವನ್ನು ನಾನು ಬಳಸುವ ರೀತಿ ಬರೆಯುತ್ತೇನೆ.

ಮೊದಲ ಭೇಟಿಯಲ್ಲಿ ಕೃತ್ಯದ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಅದು ಮಂಡಳಿಯ ವಿಚಾರಣೆಗೆ ಸೇರಿದ್ದು. ಮಗು ನಿರಪರಾಧಿ ಎಂಬ ಭಾವನೆಯಿಂದಲೇ ಹೊರಡಬೇಕು ಎನ್ನುತ್ತದೆ 2015ರ ಬಾಲ ನ್ಯಾಯ ಕಾಯ್ದೆ. ವರದಿಯೊಳಗೆ ‘ತಪ್ಪೊಪ್ಪಿಕೊಂಡಿರುತ್ತಾನೆ’ ಎಂದು ನುಸುಳಿದರೆ ಅದರ ಬುಡವೇ ಹೋಯಿತು. ಬಿಳಿ ಹಾಳೆಯ ಮೇಲೆ ದಿನದ ಗಂಟೆಗೊಂದರಂತೆ 24 ಮನೆ ಗೀಟು ಹಾಕಿ, ಪೆನ್ಸಿಲನ್ನು ಹುಡುಗನ ಕೈಗೇ ಕೊಡುತ್ತೇನೆ. ‘ಪೊಲೀಸರು ಕರ್ಕೊಂಡು ಬರೋ ಹಿಂದಿನ ವಾರ, ಬೆಳಿಗ್ಗೆ ಎಷ್ಟೊತ್ತಿಗೆ ಎದ್ದೆಯಪ್ಪ? ಮನೇಲಿ ಯಾರಿದ್ರು?’ ಅಲ್ಲಿಂದ ಶುರು. ಊಟದ ಹೊತ್ತಿಗೆ ಬರುವಷ್ಟರಲ್ಲಿ ಮಾತು ತಾನಾಗಿ ಬರುತ್ತದೆ. ಸಾಮಾನ್ಯವಾಗಿ ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರವರೆಗಿನ ಮನೆಗಳು ಖಾಲಿ ಉಳಿಯುತ್ತವೆ, ಇಲ್ಲವೇ ‘ಸುಮ್ನೆ’ ಎಂದು ತುಂಬುತ್ತವೆ. ವರದಿಯ ತಿರುಳು ಆ ‘ಸುಮ್ನೆ’ಯಲ್ಲಿದೆ.

ಭಾಷೆ ಮುಖ್ಯ. ಕೆಜಿಎಫ್‌ನ ಹುಡುಗ ತಮಿಳಿನಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವನು ತೆಲುಗಿನಲ್ಲಿ ಮನಸ್ಸು ಬಿಚ್ಚುತ್ತಾನೆ. ಕನ್ನಡದಲ್ಲಿ ಕೇಳಿದರೆ ಶಾಲೆಯಲ್ಲಿ ಮೇಷ್ಟ್ರಿಗೆ ಹೇಳುವ ಉತ್ತರವೇ ಬರುತ್ತದೆ.

ಮುಂದಿನ ಎರಡು ದಿನ ಶಾಲೆಗೆ. ಮುಖ್ಯ ಶಿಕ್ಷಕರ ಅಭಿಪ್ರಾಯ ಕೇಳುವ ಮೊದಲು ಹಾಜರಿ ಪುಸ್ತಕ ಕೇಳಿ. ಎರಡು ವರ್ಷದ್ದು ಬೇಕು. ಗೈರು ಗುರುತುಗಳು ಚದುರಿದಂತಿದ್ದರೆ ಅದು ಕಾಯಿಲೆಯೋ ಹಬ್ಬವೋ ಇರಬಹುದು. ಸಾಲಾಗಿ ಬಿದ್ದಿದ್ದರೆ ಕಾರಣ ಊರಲ್ಲಿದೆ. ಸಂತೆಯ ದಿನವೇ ಪ್ರತಿ ವಾರ ಗೈರು, ಟೊಮೆಟೊ ಸುಗ್ಗಿಯಲ್ಲಿ ಹದಿನೈದು ದಿನ ಒಟ್ಟಿಗೆ ಗೈರು, ಆಮೇಲೆ ಆ ಹೆಸರಿನ ಮುಂದೆ ತಿಂಗಳಿಡೀ ಎಳೆದ ಒಂದೇ ಗೀಟು. ಆ ಗೀಟು ಶುರುವಾದ ತಾರೀಖನ್ನು ಬರೆದುಕೊಳ್ಳಿ. ಇಡೀ ತನಿಖೆಯಲ್ಲಿ ನನಗೆ ಅದಕ್ಕಿಂತ ಉಪಯೋಗಕ್ಕೆ ಬರುವ ಮಾಹಿತಿ ಇಲ್ಲ. ಆ ವಾರ ಮನೆಯಲ್ಲಿ, ತರಗತಿಯಲ್ಲಿ ಏನಾಯಿತು ಎಂದು ಮೂರು ಜನರನ್ನು ಬೇರೆ ಬೇರೆಯಾಗಿ ಕೇಳಿದರೆ ಕಾರಣ ಸಿಗುತ್ತದೆ.

ಅಲ್ಲೇ ದಾಖಲಾತಿ ರಿಜಿಸ್ಟರನ್ನೂ ನೋಡಿ. ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ಮೊದಲ ಆಧಾರ ಶಾಲೆಯ ಜನ್ಮ ದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ, ಅದೂ ಆದೇಶವಾದ 15 ದಿನದೊಳಗೆ. ಲೆಕ್ಕಕ್ಕೆ ಬರುವುದು ಕೃತ್ಯ ನಡೆದ ದಿನದ ವಯಸ್ಸು. ನಮ್ಮ ಹಳ್ಳಿ ಶಾಲೆಗಳಲ್ಲಿ ಜೂನ್ 1ರಂದು ಹುಟ್ಟಿದ ಮಕ್ಕಳು ಬಹಳ. ದಾಖಲೆ ಇಲ್ಲದೆ ಸೇರಿಸಿದಾಗ ಬರೆದುಕೊಂಡ ತಾರೀಖು ಅದು. ಹುಡುಗ 16ರ ಅಥವಾ 18ರ ಅಂಚಿನಲ್ಲಿದ್ದರೆ ಮೊದಲು ಸೇರಿದ ಶಾಲೆಯ ರಿಜಿಸ್ಟರಿನವರೆಗೂ ಹೋಗಲೇಬೇಕು. ಕನಿಷ್ಠ 7 ವರ್ಷ ಶಿಕ್ಷೆ ಇರುವ ಘೋರ ಕೃತ್ಯದ ಆಪಾದನೆಯಿದ್ದರೆ, 16 ತುಂಬಿದ್ದಾನೋ ಇಲ್ಲವೋ ಎಂಬುದರ ಮೇಲೆ, ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೇ ಎಂದು ಮಂಡಳಿ ನೋಡುವ ಪ್ರಾಥಮಿಕ ಮೌಲ್ಯಮಾಪನ ನಿಂತಿದೆ. ಆತನ ಮುಂದಿನ ಬದುಕೂ ಅದರ ಮೇಲೇ ನಿಂತಿದೆ.

ಮನೆಗೆ ಎರಡು ಸಲ ಹೋಗಬೇಕು. ಒಂದು ಹಗಲು, ಒಂದು ರಾತ್ರಿ ಎಂಟರ ಮೇಲೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನಿಂದ, ಬಂಗಾರಪೇಟೆಯಿಂದ ಸಾವಿರಾರು ಜನ ನಸುಕಿನ ರೈಲಿಗೆ ಬೆಂಗಳೂರಿಗೆ ದುಡಿಯಲು ಹೋಗಿ ಕತ್ತಲಾದ ಮೇಲೆ ವಾಪಸಾಗುತ್ತಾರೆ. ಹಗಲಲ್ಲಿ ಹೋದವರಿಗೆ ಸಿಗುವುದು ಬೀಗ, ಇಲ್ಲವೇ ಕಣ್ಣು ಮಂಜಾದ ಅಜ್ಜಿ. ಅದನ್ನೇ ‘ಪೋಷಕರ ನಿರ್ಲಕ್ಷ್ಯ’ ಎಂದು ಬರೆದುಬಿಡುವುದು ಅನ್ಯಾಯ. ದಿನಕ್ಕೆ ಹದಿನಾರು ಗಂಟೆ ಹೊರಗಿರುವ ತಾಯಿ ನಿರ್ಲಕ್ಷಿಸಿದವಳಲ್ಲ. ಇಲಾಖೆಯ ಜೀಪಿನಲ್ಲಿ ಹೋಗಬೇಡಿ, ಕೈಯಲ್ಲಿ ಫೈಲು ಬೇಡ. ನೆರೆಯವರ ಹತ್ತಿರ ಕೇಸಿನ ಸುದ್ದಿ ಎತ್ತಬಾರದು. ಮಗುವಿನ ಗುರುತು ಹೊರಬರುವಂತೆ ಪ್ರಕಟಿಸುವುದು 74ನೇ ಸೆಕ್ಷನ್ ಪ್ರಕಾರ ಶಿಕ್ಷಾರ್ಹ. ಆದರೆ ಬೀದಿಯಲ್ಲಿ ಸುದ್ದಿ ಹರಡಲು ಪತ್ರಿಕೆ ಬೇಕಾಗಿಲ್ಲ, ನಮ್ಮ ಜೀಪು ಸಾಕು.

ಆಮೇಲೆ ಆ ಖಾಲಿ ಗಂಟೆಗಳ ಜಾಗಕ್ಕೆ. ಕೋಲಾರದ ಎಪಿಎಂಸಿಯಲ್ಲಿ ಸುಗ್ಗಿಯ ರಾತ್ರಿ ನಿಂತು ನೋಡಿದರೆ ಅರ್ಥವಾಗುತ್ತದೆ. ಸುಮಾರು 15 ಕೆಜಿಯ ಟೊಮೆಟೊ ಕ್ರೇಟು, ಲಾರಿಗೆ ಏರಿಸುವ ಕೈಗಳಲ್ಲಿ ಕೆಲವು ಇನ್ನೂ ಎಳೆಯವು. ಕೂಲಿ ಕೈಗೆ ನಗದಾಗಿ ಬರುತ್ತದೆ. ಬೆಳಿಗ್ಗೆ ತರಗತಿಯಲ್ಲಿ ನಿದ್ದೆ, ಬೈಗುಳ, ಮೂರನೇ ವಾರ ಶಾಲೆ ಬಿಟ್ಟ. ಕೈಯಲ್ಲಿ ಕಾಸಿರುವ ಹುಡುಗನನ್ನು ಇಪ್ಪತ್ತರ ವಯಸ್ಸಿನವರು ಹತ್ತಿರ ಮಾಡಿಕೊಳ್ಳುತ್ತಾರೆ. ಬೈಕು ಕದಿಯುವಾಗ ‘ನೀನು ಮೈನರ್, ನಿಂಗೇನೂ ಆಗಲ್ಲ’ ಎಂದು ಮುಂದೆ ತಳ್ಳುವುದು ಇವರೇ. ಸಹವಾಸ ದೋಷ ಎಂದು ಬರೆಯುವುದಾದರೆ ಈ ಸರಪಳಿಯನ್ನು ಪೂರ್ತಿ ಬರೆಯಬೇಕು. ಆಗ ಮಂಡಳಿಗೆ ವಯಸ್ಕರ ಪಾತ್ರವೂ ಕಾಣುತ್ತದೆ.

ಸೊಲ್ಯೂಷನ್ ಮೂಸುವ ಅಭ್ಯಾಸವನ್ನು ಬಾಯಿಬಿಟ್ಟು ಕೇಳಿದರೆ ಇಲ್ಲ ಎನ್ನುತ್ತಾರೆ. ಅಂಗಿಯ ತೋಳಿನ ಅಂಚು ನೋಡಿ. ಪಂಕ್ಚರ್ ಸೊಲ್ಯೂಷನ್ ಒಣಗಿ ಬಟ್ಟೆ ಹಲಗೆಯಂತೆ ಬಿರುಸಾಗಿರುತ್ತದೆ, ಮೂಗಿನ ಕೆಳಗೆ, ತುಟಿಯ ಸುತ್ತ ಚರ್ಮ ಕೆಂಪಾಗಿ ಒಡೆದಿರುತ್ತದೆ. ಕಂಡರೆ ವೈದ್ಯಕೀಯ ತಪಾಸಣೆಗೆ ಅಂದೇ ಕೋರಿ, ವರದಿ ಮುಗಿಯಲಿ ಎಂದು ಕಾಯಬೇಡಿ.

ಶಿಫಾರಸಿನಲ್ಲಿ ‘ಸೂಕ್ತ ಆಪ್ತಸಮಾಲೋಚನೆ ನೀಡಬಹುದು’ ಎಂದು ಬರೆದರೆ ಆದೇಶವೂ ಅಷ್ಟೇ ತೆಳ್ಳಗೆ ಬರುತ್ತದೆ. 18ನೇ ಸೆಕ್ಷನ್ ಬುದ್ಧಿವಾದ, ಗುಂಪು ಸಮಾಲೋಚನೆ, ಸಮುದಾಯ ಸೇವೆಯಿಂದ ಹಿಡಿದು ಪೋಷಕರ ಮುಚ್ಚಳಿಕೆಯ ಮೇಲೆ 3 ವರ್ಷದವರೆಗಿನ ಪರಿವೀಕ್ಷಣೆ, ಕೊನೆಗೆ ಮಗುವನ್ನು ಇರಿಸಿಕೊಂಡು ತಿದ್ದುವ ವಿಶೇಷ ಗೃಹದವರೆಗೆ ದಾರಿ ಕೊಟ್ಟಿದೆ. ಶಾಲೆಗೆ ಹೋಗಬೇಕು, ಇಂಥ ಜಾಗಕ್ಕೆ ಹೋಗಬಾರದು ಎಂದೂ ಮಂಡಳಿ ಆದೇಶಿಸಬಹುದು. ನಾನು ಬರೆಯುವುದು ಖಾಲಿ ಮನೆಗಳ ಲೆಕ್ಕದಲ್ಲಿ: ನಾಲ್ಕರಿಂದ ಆರು ಯಾವ ಶಾಲೆಯ ಯಾವ ಶಿಕ್ಷಕರ ಬಳಿ, ಆರರಿಂದ ಒಂಬತ್ತು ಯಾವ ಚಿಕ್ಕಮ್ಮನ ಮನೆಯಲ್ಲಿ. ಆ ಶಿಕ್ಷಕರು, ಆ ಚಿಕ್ಕಮ್ಮ ಒಪ್ಪಿದ ಮೇಲೆಯೇ ಬರೆಯುತ್ತೇನೆ. ಶಾಲೆಗೆ ಮರಳಲಾರದವನಿಗೆ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಇದೆ. ಐಟಿಐನಲ್ಲಿ ವೆಲ್ಡರ್‌ನಂಥ ಟ್ರೇಡಿಗೆ 8ನೇ ತರಗತಿ ಸಾಕು.

ಪರಿವೀಕ್ಷಣೆಯ ಆದೇಶವಾದರೆ ಮೊದಲ ತಿಂಗಳು ವಾರಕ್ಕೊಮ್ಮೆ ಸಂಜೆ ಐದರ ಮೇಲೆ ಭೇಟಿ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಮೂರನೇ ತಿಂಗಳು ಮತ್ತೊಂದು ಹಾಳೆಯಲ್ಲಿ 24 ಮನೆ ಹಾಕಿ, ಪೆನ್ಸಿಲು ಅವನ ಕೈಗೇ ಕೊಟ್ಟು, ಹಳೆಯದರ ಪಕ್ಕದಲ್ಲಿಟ್ಟು ಪ್ರಗತಿ ವರದಿಗೆ ಲಗತ್ತಿಸುತ್ತೇನೆ. ಟೊಮೆಟೊ ಸುಗ್ಗಿ ಶುರುವಾಗುವ ವಾರಕ್ಕೆ ಒಂದು ಹೆಚ್ಚುವರಿ ಭೇಟಿಯ ತಾರೀಖನ್ನು ಡೈರಿಯಲ್ಲಿ ಮೊದಲೇ ಗುರುತು ಮಾಡಿಟ್ಟಿರುತ್ತೇನೆ.