ಮೊದಲ ಉಗಿ ಇಂಜಿನ್‌ಗೆ ತೂಗಾಡುವ ಸಿಲಿಂಡರೇ ಸಾಕು

ನಿಜವಾಗಿ ಉಗಿಯಿಂದಲೇ ಓಡುವ ಪುಟ್ಟ ಲೋಕೋಮೋಟಿವ್ ಕಟ್ಟುವ ಆಸೆಯಿದ್ದರೆ, ಮೊದಲ ಸಲಕ್ಕೆ ವಾಲ್ವ್ ಗೇರ್ (ಉಗಿಯ ವಾಲ್ವನ್ನು ಆಡಿಸುವ ಸರಳುಗಳ ಜೋಡಣೆ) ಸಹವಾಸ ಬೇಡ. 45 ಮಿ.ಮೀ. ಗೇಜಿನ (ಎರಡು ಕಂಬಿಗಳ ನಡುವಿನ ಅಂತರದ) ಹಳಿ, ನಾಲ್ಕು ಚಕ್ರ, ಆಸಿಲೇಟಿಂಗ್, ಅಂದರೆ ತೂಗಾಡುವ ಮಾದರಿಯ ಎರಡು ಸಿಲಿಂಡರ್ ಸಾಕು. ಈ ಸಿಲಿಂಡರ್ ತನ್ನ ತೂಗಾಟದಿಂದಲೇ ಉಗಿಯ ದಾರಿಯನ್ನು ತೆರೆದು ಮುಚ್ಚುತ್ತದೆ. ಹಿಂದಕ್ಕೆ ಓಡಿಸಲು ಉಗಿಯ ಕೊಳವೆಯನ್ನೂ ಎಗ್ಸಾಸ್ಟ್ (ದುಡಿದ ಉಗಿ ಹೊರಹೋಗುವ) ಕೊಳವೆಯನ್ನೂ ಅದಲುಬದಲು ಮಾಡುವ ಒಂದು ಕಾಕ್ (ತಿರುಗಿಸುವ ನಲ್ಲಿ) ಇದ್ದರಾಯಿತು. ಸಣ್ಣ ಲೇತ್ ಇಲ್ಲದವರು ಚಕ್ರ, ಸಿಲಿಂಡರ್‌ಗಳನ್ನು ವರ್ಕ್‌ಶಾಪಿನಲ್ಲಿ ಮಾಡಿಸಿಕೊಳ್ಳಬಹುದು. ಉಗಿ ಹಾಯುವ ಪೋರ್ಟ್ ರಂಧ್ರಗಳನ್ನು ಮಾತ್ರ ನೀವೇ ಕೊರೆಯಿರಿ.

ಫ್ರೇಮಿನ ಎರಡು ಬದಿಗೆ 2 ಮಿ.ಮೀ. ದಪ್ಪದ ಎರಡು ಉಕ್ಕಿನ ತಗಡು. ಎರಡನ್ನೂ ಒಟ್ಟಿಗೆ ಬಿಗಿದು ಕೊರೆಯಿರಿ. ಒಂದೇ ಬದಿಯ ಚಕ್ರಗಳನ್ನು ಜೋಡಿಸುವ ಕಪ್ಲಿಂಗ್ ರಾಡಿನ ರಂಧ್ರಗಳಿಗೂ ಇದೇ ಫ್ರೇಮ್ ಜಿಗ್ (ಕೊರೆಯಲು ಅಚ್ಚು) ಆಗಲಿ. ಎದುರುಬದುರು ಚಕ್ರಗಳ ಒಳಮೈಗಳ ನಡುವೆ 40 ಮಿ.ಮೀ. ಇರಬೇಕು. ಎಡ, ಬಲ ಕ್ರ್ಯಾಂಕ್ ಪಿನ್‌ಗಳ (ರಾಡು ಸಿಕ್ಕಿಸಲು ಚಕ್ರದ ಮೇಲಿರುವ ಗೂಟಗಳ) ನಡುವೆ 90 ಡಿಗ್ರಿ. ಎರಡೂ ಆಕ್ಸಲ್‌ಗಳಲ್ಲಿ 89 ಬಂದರೆ ತೊಂದರೆಯಿಲ್ಲ. ಒಂದರಲ್ಲಿ 89, ಇನ್ನೊಂದರಲ್ಲಿ 91 ಆದರೆ ಪ್ರತಿ ಸುತ್ತಿನಲ್ಲೂ ಒಂದೆಡೆ ಹಿಡಿಯುತ್ತದೆ.

ಸಿಲಿಂಡರ್ ಡಬಲ್ ಆಕ್ಟಿಂಗ್ (ಪಿಸ್ಟನ್ನಿನ ಎರಡೂ ಬದಿಯಿಂದ ಉಗಿ ತಳ್ಳುವಂಥದ್ದು) ಇರಲಿ, ಆಗ ಇಂಜಿನ್ ಯಾವ ಭಂಗಿಯಲ್ಲಿ ನಿಂತಿದ್ದರೂ ತಾನಾಗಿ ಹೊರಡುತ್ತದೆ. ಒಳವ್ಯಾಸ 12, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 14, ಪಿಸ್ಟನ್ ದಪ್ಪ 5, ಎರಡು ಮುಚ್ಚಳಗಳ ನಡುವಿನ ಉದ್ದ 22 ಮಿ.ಮೀ. ಕ್ರ್ಯಾಂಕ್ ಪಿನ್ ಆಕ್ಸಲ್ ನಡುವಿನಿಂದ 7, ಸಿಲಿಂಡರ್ ತೂಗಾಡುವ ಕೀಲು, ಅಂದರೆ ಪಿವೋಟ್, ಆಕ್ಸಲ್‌ನಿಂದ 42 ಮಿ.ಮೀ. ದೂರ. 7 ಎಂಬುದು 42ರ ಆರನೇ ಒಂದು ಪಾಲು. ಹಾಗಾಗಿ ಪಿವೋಟ್‌ನಿಂದ 10 ಮಿ.ಮೀ. ದೂರದ ಸಿಲಿಂಡರಿನ ರಂಧ್ರ ನಡುಗೆರೆಯ ಆಚೀಚೆ 10ರ ಆರನೇ ಒಂದು ಪಾಲು, ಅಂದರೆ 1.67 ಮಿ.ಮೀ. ಸರಿಯುತ್ತದೆ. ಸಿಲಿಂಡರ್ ಒರಗಿ ತೂಗಾಡುವ ಪೋರ್ಟ್ ಬ್ಲಾಕಿನಲ್ಲಿ ಉಗಿ, ಎಗ್ಸಾಸ್ಟ್ ರಂಧ್ರಗಳು ಕೂರಬೇಕಾದದ್ದು ಅಲ್ಲೇ. ಪಿವೋಟ್‌ನಿಂದ 10 ಮಿ.ಮೀ. ಕಮಾನು ಗೀರಿ, ಅದರ ಮೇಲೆ ಗುರುತಿಟ್ಟು, 1.5 ಮಿ.ಮೀ. ಡ್ರಿಲ್ ಹಾಕಿ. ಇನ್ನಷ್ಟು ಉಗಿ ನುಗ್ಗಲಿ ಎಂದು 2 ಮಿ.ಮೀ. ಕೊರೆದಿರೋ, ಕೆಲಸ ಕೆಟ್ಟಿತು: ಡೆಡ್ ಸೆಂಟರಿನಲ್ಲಿ (ಪಿಸ್ಟನ್ ತುದಿ ಮುಟ್ಟಿ ತಿರುಗುವ ಗಳಿಗೆಯಲ್ಲಿ) ಸಿಲಿಂಡರಿನ ರಂಧ್ರ ಎರಡರ ಮೇಲೂ ಚಾಚಿಕೊಂಡು ಉಗಿ ದುಡಿಯದೆಯೇ ಚಿಮಣಿ ಸೇರುತ್ತದೆ.

ಸಿಲಿಂಡರ್, ಪೋರ್ಟ್ ಬ್ಲಾಕ್‌ಗಳ ಉಜ್ಜಾಡುವ ಎರಡು ಮೈಗಳು ಕನ್ನಡಿಯಷ್ಟು ಸಮತಟ್ಟಾಗಿರಬೇಕು. ದಪ್ಪ ಗಾಜಿನ ಮೇಲೆ 600, ಆಮೇಲೆ 1200 ನಂಬರಿನ ಎಮರಿ ಪೇಪರ್ ಹಾಸಿ, ಎಣ್ಣೆ ಬಿಟ್ಟು ಸುತ್ತಿಸಿ ತಿಕ್ಕಿ. ಮೊದಲು ಮಾರ್ಕರ್‌ನಿಂದ ಮೈತುಂಬ ಕಪ್ಪು ಬಳಿದಿರಿ. ತಿಕ್ಕಿದ ಮೇಲೂ ಕಪ್ಪು ಉಳಿದ ಜಾಗವೇ ತಗ್ಗು. ಪಿವೋಟ್ ಸುತ್ತ 8 ಮಿ.ಮೀ. ವ್ಯಾಸದಲ್ಲಿ ತುಸು ಕೆರೆದು ತಗ್ಗಿಸಿದರೆ ಸಿಲಿಂಡರ್ ಅಲುಗಾಡದೆ ಕೂರುತ್ತದೆ. ಪಿವೋಟಿನ ಸ್ಪ್ರಿಂಗ್ ಸಡಿಲವಾದರೆ ಉಗಿ ಬುಸುಗುಟ್ಟುತ್ತದೆ, ಬಿಗಿಯಾದರೆ ಇಂಜಿನ್ ನಿಂತಲ್ಲೇ ನಿಲ್ಲುತ್ತದೆ.

ಬಾಯ್ಲರಿಗೆ 50 ಮಿ.ಮೀ. ಹೊರವ್ಯಾಸ, 1.6 ಮಿ.ಮೀ. ದಪ್ಪದ ತಾಮ್ರದ ಪೈಪು, 150 ಮಿ.ಮೀ. ಉದ್ದ. ಎರಡು ತುದಿಗೆ 2 ಮಿ.ಮೀ. ತಾಮ್ರದ ತಗಡಿನ ಮುಚ್ಚಳ, ಅಂಚು ಮಡಿಸಿದ್ದು. ಮಬ್ಬು ಕೆಂಪಾಗುವವರೆಗೆ ಕಾಯಿಸಿ ನೀರಿಗದ್ದಿದರೆ ತಗಡು ಮೆತ್ತಗಾಗುತ್ತದೆ. ಬಡಿಯುತ್ತಾ ಹೋದಂತೆ ಸುತ್ತಿಗೆಯ ಸದ್ದು ಠಣ್ ಎನ್ನತೊಡಗಿದರೆ ಮತ್ತೆ ಕಾಯಿಸಿ. ಹಟಕ್ಕೆ ಬಿದ್ದು ಬಡಿದರೆ ಅಂಚು ಬಿರಿಯುತ್ತದೆ. ಮುಚ್ಚಳಗಳು ಉಬ್ಬದಂತೆ ನಡುವೆ 5 ಮಿ.ಮೀ. ಫಾಸ್ಫರ್ ಬ್ರಾಂಜ್ ಸರಳು ಹಾಯಿಸಿ. ಬುಷ್‌ಗಳೂ (ವಾಲ್ವ್, ಗೇಜ್ ಕೂರಿಸುವ ಬಳೆಗಳು) ಫಾಸ್ಫರ್ ಬ್ರಾಂಜಿನವೇ ಆಗಲಿ. ಹಿತ್ತಾಳೆಯಾದರೆ ಬಿಸಿನೀರಿನಲ್ಲಿ ಸತು ಕಳೆದುಕೊಂಡು ಪೊಳ್ಳಾಗುತ್ತದೆ.

ಬೆಸುಗೆ ಬೆಳ್ಳಿಯದ್ದೇ ಆಗಬೇಕು. 55 ಶೇಕಡಾ ಬೆಳ್ಳಿಯ ಸರಳು 630ರಿಂದ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ರೇಡಿಯೋ ರಿಪೇರಿಯ ತವರ-ಸೀಸದ ಬೆಸುಗೆ 183ಕ್ಕೇ ಕರಗತೊಡಗುತ್ತದೆ. ನೀರು ಬತ್ತಿದರೆ ಕೀಲೇ ಬಿಟ್ಟುಹೋದೀತು. ಕೀಲಿನ ಸಂದು 0.05ರಿಂದ 0.1 ಮಿ.ಮೀ. ಇರಲಿ. ಅಂಗೈಯಗಲದ ಗ್ಯಾಸ್ ಟಾರ್ಚ್ ಸಾಲದು, ತಾಮ್ರ ಶಾಖವನ್ನು ಎಳೆದುಕೊಂಡೇ ಹೋಗುತ್ತದೆ. ದೊಡ್ಡ ಎಲ್‌ಪಿಜಿ ಬರ್ನರ್ ಹಿಡಿದು, ಸುತ್ತ ಫೈರ್ ಬ್ರಿಕ್ ಕಟ್ಟಿ. ಬೆಸುಗೆ ಹರಿಯದೆ ಗುಂಡಾಗಿ ಉರುಳಿದರೆ ಕಾವು ಸಾಲದು ಅಥವಾ ಮೈ ಕೊಳೆ. ಫ್ಲಕ್ಸ್ (ಬೆಸುಗೆ ಹರಿಯಲೆಂದು ಬಳಿಯುವ ಪುಡಿ) ಕಪ್ಪಾದರೆ ನಿಧಾನ ಮಾಡಿದಿರಿ ಎಂದೇ ಅರ್ಥ: ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ಬೆಚ್ಚನೆ ನೀರಿನಲ್ಲಿ ತೊಳೆದು ಮೊದಲಿನಿಂದ ಶುರುಮಾಡಿ.

ಕೆಲಸದ ಒತ್ತಡ 2.8 ಬಾರ್. ಪರೀಕ್ಷೆ ಅದರ ಎರಡರಷ್ಟಕ್ಕೆ: ಬಾಯ್ಲರಿನಲ್ಲಿ ಗಾಳಿ ಒಂದಿಷ್ಟೂ ಉಳಿಯದಂತೆ ತಣ್ಣೀರು ತುಂಬಿ, ಕೈಪಂಪಿನಿಂದ 5.6 ಬಾರ್‌ಗೆ ಏರಿಸಿ 15 ನಿಮಿಷ ಬಿಡಿ. ಗೇಜಿನ ಮುಳ್ಳು ಇಳಿಯಬಾರದು. ಗಾಳಿ ತುಂಬಿ ಪರೀಕ್ಷಿಸಲೇಬೇಡಿ. ಬಿರುಕು ಬಿಟ್ಟರೆ ನೀರು ಬರಿದೇ ಜಿನುಗುತ್ತದೆ, ಗಾಳಿ ಸಿಡಿಯುತ್ತದೆ. ಸೇಫ್ಟಿ ವಾಲ್ವ್ ಮತ್ತು ಪ್ರೆಶರ್ ಗೇಜ್ ಇಲ್ಲದೆ ಬೆಂಕಿ ಹಚ್ಚುವ ಮಾತೇ ಇಲ್ಲ.

ಮೊದಲು ಚಕ್ರಗಳನ್ನು ಎತ್ತಿಟ್ಟು, ಉಗಿಯ ಕೊಳವೆಗೆ ಸೈಕಲ್ ಪಂಪ್ ಜೋಡಿಸಿ 1 ಬಾರ್ ಗಾಳಿಯಲ್ಲಿ ತಿರುಗಿಸಿ ನೋಡಿ. ಬಳಿಕ ಲೂಬ್ರಿಕೇಟರಿಗೆ (ಉಗಿಯೊಂದಿಗೆ ಎಣ್ಣೆ ಬೆರೆಸುವ ಡಬ್ಬಿಗೆ) ಸ್ಟೀಮ್ ಆಯಿಲ್ ತುಂಬಿ (ಬೈಕಿನ ಎಣ್ಣೆ ಉಗಿಯಲ್ಲಿ ತೊಳೆದುಹೋಗುತ್ತದೆ), ಬಾಯ್ಲರಿಗೆ 170 ಮಿ.ಲೀ. ಡಿಸ್ಟಿಲ್ಡ್ ವಾಟರ್ ಹಾಕಿ. ಬೋರ್‌ವೆಲ್ ನೀರಾದರೆ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಕಂಠಮಟ್ಟ ತುಂಬಿದರೆ ಚಿಮಣಿಯಿಂದ ನೀರೇ ಉಗುಳುತ್ತದೆ. ಸಿಲಿಂಡರ್ ಸ್ಪ್ರಿಂಗಿನ ಮೇಲೆ ಹಿಂದೆ ಸರಿದು ನೀರಿಗೆ ದಾರಿ ಬಿಡುವುದರಿಂದ ಏನೂ ಮುರಿಯದು.

ಸ್ಪಿರಿಟ್ ಬರ್ನರಿಗೆ ಮೊದಲ ಓಟದಲ್ಲಿ 30 ಮಿ.ಲೀ. ಮಾತ್ರ. ಆರಿದ ಮೇಲೆ ಉಳಿದ ನೀರನ್ನು ಅಳೆಯಿರಿ, ಅದನ್ನು ನೋಡಿ ಮುಂದಿನ ಸಲ ಸ್ಪಿರಿಟ್ ಹೆಚ್ಚಿಸಿ. ನೀರು ಮುಗಿಯುವ ಮೊದಲೇ ಬೆಂಕಿ ಆರಬೇಕು.